ಇಪ್ಪತ್ತೈದು ವರ್ಷ ಕೇಳಿದ ಗಾಯಕರು ಈಗ ಏಕೆ ಬೇಡವಾಗುತ್ತಾರೆ?

ಪ್ರಶ್ನೆ: ಮುಳಗುಂದ ನಾಕಾ

ಗದುಗಿನಲ್ಲಿ ಹುಟ್ಟಿ ಬೆಳೆದವನು ನಾನು, ಈಗ ಬೆಂಗಳೂರಿನಲ್ಲಿದ್ದೇನೆ. ಪಂಡಿತ ಭೀಮಸೇನ ಜೋಶಿಯವರ ಹಾಡುಗಾರಿಕೆಯ ಹುಚ್ಚು ನನಗೆ ಹತ್ತಿದ್ದು ಹೈಸ್ಕೂಲಿನಲ್ಲಿದ್ದಾಗ. ಸೋದರಮಾವ ಆಕಾಶವಾಣಿಯ ರಾತ್ರಿಯ ಪ್ರಸಾರದಿಂದ ತುಂಬಿಸಿಕೊಂಡಿದ್ದ ಒಂದು ಕ್ಯಾಸೆಟ್ ಅದಕ್ಕೆ ಕಾರಣ. ಅದರ ಒಂದು ಮಗ್ಗುಲಿಗೆ ಪೂರಿಯಾ ರಾಗವಿತ್ತು. ಇನ್ನೊಂದು ಮಗ್ಗುಲಿನಲ್ಲಿ ಏನಿತ್ತೆಂದು ಇಂದಿಗೂ ಸರಿಯಾಗಿ ಹೇಳಲಾರೆ, ಏಕೆಂದರೆ ಪೂರಿಯಾ ಮುಗಿದ ಕೂಡಲೇ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಅದನ್ನೇ ಹಾಕುತ್ತಿದ್ದೆ. ಆಮೇಲೆ ಎಲ್‌ಪಿ, ಸಿಡಿ, ಮೊಬೈಲು ಎಂದು ಸಾಧನಗಳು ಬದಲಾದವೇ ಹೊರತು ಗಾಯಕರು ಬದಲಾಗಲಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಅವರ ಧ್ವನಿ ಕೇಳದೆ ಕಳೆದ ವಾರವೊಂದು ನನಗೆ ನೆನಪಿಲ್ಲ.

ಈಗ ಸುಮಾರು ಎರಡು ವರ್ಷಗಳಿಂದ, ಹಾಕಿ ಐದು ನಿಮಿಷವಾಗುವಷ್ಟರಲ್ಲಿ ಕೈ ತಾನಾಗಿಯೇ ನಿಲ್ಲಿಸುವ ಗುಂಡಿಯ ಕಡೆಗೆ ಹೋಗುತ್ತದೆ. ಸಿಟ್ಟಿಲ್ಲ, ಹೇಳಿಕೊಳ್ಳುವಂತಹ ದೋಷವೂ ಕಾಣುವುದಿಲ್ಲ. ತಾನ್ (ಸ್ವರಗಳ ವೇಗದ ಓಟ) ಹೊರಡುವ ಮುನ್ನವೇ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ನನಗೆ ಗೊತ್ತಿರುತ್ತದೆ, ಮುಟ್ಟಿದಾಗ ಮೊದಲಿನಂತೆ ಮೈ ಜುಮ್ಮೆನ್ನುವುದಿಲ್ಲ, ಅಷ್ಟೇ. ಕಲಾವಿದರು ಕೆಟ್ಟುಹೋದರೆಂದು ಹೇಳಿ ಪಾರಾಗುವ ದಾರಿಯೂ ನನಗಿಲ್ಲ. 2011ರಲ್ಲಿ ತೀರಿಕೊಂಡವರು ಈಗ ಹೊಸದಾಗಿ ಏನನ್ನೂ ಕೆಡಿಸಲಾರರು. ಹಾಗಿದ್ದರೆ ಕೆಟ್ಟದ್ದೇನು? ಬಹುಕಾಲ ಒಬ್ಬರನ್ನೇ ಕೇಳಿ ಕೊನೆಗೆ ಬಿಟ್ಟವರು ಇಲ್ಲಿದ್ದರೆ, ಸಮಾಧಾನದ ಮಾತು ಬೇಡ, ತಮಗೆ ಕಂಡ ಕಾರಣವನ್ನು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಹಳೆಯ ಮರ್ಫಿ, ಹುಬ್ಬಳ್ಳಿ

ತಮಗೆ ಬೇಡವಾಗಿರುವುದು ಒಂದು ಟೇಪು, ಭೀಮಸೇನರಲ್ಲ ಎಂದು ನನಗನ್ನಿಸುತ್ತದೆ. ಹಿಂದುಸ್ತಾನಿ ಸಂಗೀತದ ಖ್ಯಾಲ್ ಗಾಯನ ಇರುವುದೇ ಇಂದಿನ ಪೂರಿಯಾ ನಿನ್ನೆಯ ಪೂರಿಯಾದಂತಿರಬಾರದು ಎಂಬ ನಂಬಿಕೆಯ ಮೇಲೆ. ಗಾಯಕರು ಷಡ್ಜದಿಂದ ಹೊರಟು ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ, ತಾಳದ ಮೊದಲ ಏಟಾದ ಸಮ್‌ಗೆ ಯಾವ ದಾರಿಯಿಂದ ಬಂದು ಸೇರುತ್ತಾರೆ ಎಂಬುದು ಆ ಕ್ಷಣದಲ್ಲಿ ತೀರ್ಮಾನವಾಗಬೇಕು, ಮತ್ತು ಕೇಳುವವನ ಎದೆ ಅಷ್ಟರ ಮಟ್ಟಿಗೆ ತೂಗಾಡುತ್ತಿರಬೇಕು. ಧ್ವನಿಮುದ್ರಣವು ಆ ತೀರ್ಮಾನವನ್ನು ಒಮ್ಮೆ ಹಿಡಿದು ಶಾಶ್ವತ ಮಾಡಿಬಿಡುತ್ತದೆ. ನನ್ನ ಬಳಿಯೂ ಅಂತಹ ಒಂದು ಟೇಪು ಇದೆ. ತಬಲಾದವರು ಎಲ್ಲಿ ಒಂದು ಏಟು ಹೆಚ್ಚಿಗೆ ಹಾಕುತ್ತಾರೆ, ಮುಂದಿನ ಸಾಲಿನಲ್ಲಿ ಕುಳಿತವರು ಯಾವಾಗ ಕೆಮ್ಮುತ್ತಾರೆ, ಯಾರ ‘ಕ್ಯಾ ಬಾತ್ ಹೈ’ ಸ್ವಲ್ಪ ಮುಂಚೆಯೇ ಬಿದ್ದುಬಿಡುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ತಾನ್ ಬರುವುದಕ್ಕಿಂತ ಮೊದಲು ಆ ಕೆಮ್ಮಿಗಾಗಿಯೇ ಕಾಯುತ್ತಿರುತ್ತೇನೆ! ಇಂತಹ ಸ್ಥಿತಿಯಲ್ಲಿ ರಾಗ ಕೇಳಿಸುವುದಾದರೂ ಹೇಗೆ?

ಒಂದು ಮಾತು ನೆನಪಿಗೆ ಬರುತ್ತದೆ. ಬಾಲಕ ಭೀಮಸೇನರನ್ನು ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಡಿಸಿದ್ದೂ ಒಂದು ಗ್ರಾಮಫೋನ್ ತಟ್ಟೆಯೇ, ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮ್ರಿ. 78 ಆರ್‌ಪಿಎಂನ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಗಳಿಗಿಂತ ಸ್ವಲ್ಪ ಹೆಚ್ಚು. ಆ ಮೂರು ನಿಮಿಷ ಸಾಲದೆಂದೇ ಅವರು ಗುರುವನ್ನು ಹುಡುಕಿಕೊಂಡು ಊರೂರು ಅಲೆದು, ಕೊನೆಗೆ ಇಲ್ಲೇ ಪಕ್ಕದ ಕುಂದಗೋಳಕ್ಕೆ ಸವಾಯಿ ಗಂಧರ್ವರ ಬಳಿಗೆ ಬಂದರು. ನಮಗೆ ತೊಂಬತ್ತು ನಿಮಿಷಗಳ ಕ್ಯಾಸೆಟ್ ಸಿಕ್ಕಿತು. ನಾವು ಕುರ್ಚಿ ಹಾಕಿಕೊಂಡು ಅಲ್ಲಿಯೇ ಕುಳಿತೆವು.

ಬೇರೆ ಬೇರೆ ವರ್ಷಗಳ ಎರಡು ಪೂರಿಯಾಗಳನ್ನು ಒಂದರ ಹಿಂದೆ ಒಂದರಂತೆ ಕೇಳಿ ನೋಡಿ. ಬೇಡವಾದದ್ದು ಟೇಪೋ ಗಾಯಕರೋ ಎಂಬುದು ತಿಳಿಯುತ್ತದೆ.

ಉತ್ತರ: ತೀವ್ರ ಮಧ್ಯಮ

ಮರ್ಫಿ ರಾಯರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬೇರೆ ಪೂರಿಯಾ ಕೇಳಿದರೂ ಅದೇ ಬೇಸರ ಬರಬಹುದು, ಏಕೆಂದರೆ ಭೀಮಸೇನರು ದೊಡ್ಡ ಕಚೇರಿಗಳಲ್ಲಿ ಮತ್ತೆ ಮತ್ತೆ ಹಾಡಿದ ರಾಗಗಳು ಕೆಲವೇ. ಪೂರಿಯಾ, ಮಾರುಬಿಹಾಗ್, ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ಮುಲ್ತಾನಿ, ತೋಡಿ, ದರಬಾರಿ ಎಂದು ಎಣಿಸುತ್ತ ಹೋದರೆ ಪಟ್ಟಿ ಬೇಗ ಮುಗಿಯುತ್ತದೆ. ಇದನ್ನು ನಿಂದೆಯಾಗಿ ಹೇಳುತ್ತಿಲ್ಲ. ಅಪರೂಪದ ರಾಗಗಳ ಪ್ರದರ್ಶನ ಬೇರೆ, ಒಂದು ರಾಗದಲ್ಲಿ ಆಯುಷ್ಯ ಕಳೆಯುವುದು ಬೇರೆ; ಅವರು ಎರಡನೆಯದನ್ನು ಆರಿಸಿಕೊಂಡರು. ಆದರೆ ಕೇಳುಗರು ಅವರ ಜೊತೆ ಆಯುಷ್ಯ ಕಳೆಯಲು ಹೊರಟಾಗ ತೊಂದರೆ ಶುರುವಾಗುತ್ತದೆ.

ನಾನು ಹತ್ತು ವರ್ಷಗಳಿಂದ ಧಾರವಾಡದಲ್ಲಿ ಗಾಯನ ಕಲಿಯುತ್ತಿದ್ದೇನೆ. ಕಲಿಯುವ ಮೊದಲು ನಾನೂ ಭೀಮಸೇನರ ತಾನ್‌ಗಳಿಗಾಗಿಯೇ ಕಾದು ಕುಳಿತಿರುತ್ತಿದ್ದೆ. ಕಲಿಯಲು ತೊಡಗಿದ ಮೂರು ನಾಲ್ಕು ವರ್ಷಗಳಿಗೆ ಆ ತಾನ್‌ಗಳು ಹೇಗೆ ಕಟ್ಟಲ್ಪಟ್ಟಿವೆ ಎಂಬುದು ಸ್ವಲ್ಪ ಸ್ವಲ್ಪವಾಗಿ ತಿಳಿಯತೊಡಗಿತು, ತಿಳಿಯುತ್ತಿದ್ದಂತೆ ಬೆರಗು ಕರಗಿತು. ಜಾದೂಗಾರನ ತೋಳಿನೊಳಗೆ ಇಣುಕಿ ನೋಡಿದವರ ಪಾಡು ನನ್ನದಾಯಿತು. ಆಗ ಪೂರ್ಣವಾಗಿ ಎರಡು ವರ್ಷ ನಾನು ಅವರನ್ನು ಕೇಳಲಿಲ್ಲ. ಸಹಪಾಠಿಗಳ ನಡುವೆ ಇದನ್ನು ಹೇಳಿಕೊಳ್ಳಲು ನಾಚಿಕೆಯೂ ಆಗುತ್ತಿತ್ತು.

ಮತ್ತೆ ಅವರತ್ತ ಹೊರಳಿದ್ದು ಮಾರವಾ ಕಲಿಯುವಾಗ. ಮಾರವಾ ಮತ್ತು ಪೂರಿಯಾ ರಾಗಗಳಿಗೆ ಸ್ವರಗಳು ಒಂದೇ: ಕೋಮಲ ರಿಷಭ, ತೀವ್ರ ಮಧ್ಯಮ, ಪಂಚಮ ವರ್ಜ್ಯ, ಅಂದರೆ ಅದು ಬರುವುದೇ ಇಲ್ಲ. ಆದರೆ ಮಾರವಾ ನಿಲ್ಲುವುದು ರಿಷಭ ಮತ್ತು ಧೈವತಗಳ ಮೇಲೆ, ಪೂರಿಯಾ ನಿಲ್ಲುವುದು ಗಾಂಧಾರ ಮತ್ತು ನಿಷಾದಗಳ ಮೇಲೆ. ಪೂರಿಯಾದ ಮನೆ ಹೆಚ್ಚಾಗಿ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿದೆ. ಎರಡೂ ಷಡ್ಜವನ್ನು ಕೊನೆಯವರೆಗೆ ಕೈಗೆ ಸಿಗದಂತೆ ಇಟ್ಟುಕೊಂಡು ಆಡುತ್ತವೆ. ಗುರುಗಳು ನನ್ನ ಮಾರವಾ ಪದೇ ಪದೇ ಪೂರಿಯಾಕ್ಕೆ ಜಾರುತ್ತಿದೆ ಎಂದು ಗದರಿದಾಗ, ಜಾರುವ ಜಾಗ ಯಾವುದೆಂದು ನೋಡಲು ಭೀಮಸೇನರ ಪೂರಿಯಾದ ಮೊದಲ ಹತ್ತು ನಿಮಿಷಗಳನ್ನಷ್ಟೇ ಕೇಳಿದೆ. ತಾನ್‌ಗಳ ಆಸೆಗೆ ನಾನು ಯಾವಾಗಲೂ ದಾಟಿಸಿಬಿಡುತ್ತಿದ್ದ ಭಾಗ ಅದು. ಮಂದ್ರ ನಿಷಾದದ ಮೇಲೆ ಅವರು ನಿಲ್ಲುವ ರೀತಿಗೆ ನಾನು ಆವರೆಗೆ ಕಿವುಡಿಯಾಗಿದ್ದೆ.

ಆದ್ದರಿಂದ ನನ್ನ ಅನುಭವದಲ್ಲಿ, ಕಿವಿ ಬೆಳೆದಾಗ ಹಳೆಯ ಪ್ರೀತಿಯ ಕಾರಣ ಸಾಯುತ್ತದೆ. ಹೊಸ ಕಾರಣ ಹುಟ್ಟುವವರೆಗೆ ನಡುವೆ ಒಂದು ಬಯಲು ಇರುತ್ತದೆ. ತಾವು ಆ ಬಯಲಿನಲ್ಲಿದ್ದೀರಿ ಎಂದು ಖಚಿತವಾಗಿ ಹೇಳಲಾರೆ. ಹೊಸ ಕಾರಣ ಹುಟ್ಟದೆಯೂ ಹೋಗಬಹುದು.

ಉತ್ತರ: ಮಾಳಮಡ್ಡಿ

ಪ್ರಶ್ನೆ ಕೇಳಿದವರು ಕಲಾವಿದರು ಬದಲಾಗಲಿಲ್ಲವೆಂದು ಕೊರಗುತ್ತಿದ್ದಾರೆ. ಬದಲಾದವರ ಪಾಡೇನಾಯಿತೆಂಬುದನ್ನೂ ಸ್ವಲ್ಪ ನೋಡಬೇಕು.

ಕುಮಾರ ಗಂಧರ್ವರನ್ನು ತೆಗೆದುಕೊಳ್ಳಿ. ಬೆಳಗಾವಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಳಿಮಠ, ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸಿ, ಹುಡುಗನಾಗಿದ್ದಾಗಲೇ ದೇಶವನ್ನೆಲ್ಲ ಬೆರಗುಗೊಳಿಸಿದವರು. ಆ ಹುಡುಗನನ್ನು ಪ್ರೀತಿಸಿದ ಜನ ಎಷ್ಟಿದ್ದರು ಯೋಚಿಸಿ. ಮುಂದೆ ಕ್ಷಯರೋಗವಾಗಿ, 1948ರಲ್ಲಿ ಮುಂಬಯಿ ಬಿಟ್ಟು ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ, ವರ್ಷಗಳ ಕಾಲ ಹಾಡದೆ ಮಲಗಿ, ಒಂದು ಶ್ವಾಸಕೋಶದ ಬಲ ಕಳೆದುಕೊಂಡು ಎದ್ದು ಬಂದಾಗ, ಅವರ ಕಂಠದಿಂದ ಹೊರಟದ್ದು ಹಳೆಯ ಹುಡುಗನ ಗಾಯನವಾಗಿರಲಿಲ್ಲ. ಮಾಳವಾದ ಹೆಂಗಸರು ಹಾಡುವ ಹಾಡುಗಳು, ನಿರಾಕಾರ ದೇವರನ್ನು ಕುರಿತ ನಾಥಪಂಥದವರ ನಿರ್ಗುಣಿ ಭಜನೆಗಳು, ಜಾನಪದ ಧುನ್‌ಗಳಿಂದ ಹುಟ್ಟಿಸಿದ ಹೊಸ ರಾಗಗಳು, ಗಟ್ಟಿಯಾಗಿ ಎದ್ದು ಥಟ್ಟನೆ ನಿಲ್ಲುವ ಚಿಕ್ಕ ಚಿಕ್ಕ ಆಕಾರಗಳು. ಘರಾಣೆಯ (ಗಾಯನ ಪರಂಪರೆಯ) ನೆಲೆ ಬಿಟ್ಟರೆಂದು ಎಷ್ಟೋ ಹಿರಿಯ ಕೇಳುಗರು ಅವರನ್ನು ಕೈಬಿಟ್ಟರು. ಆ ಚಿಕ್ಕ ಉಸಿರಿನ ಆಕಾರಗಳನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಿ ಕನಿಕರಪಡುವವರು ಈಗಲೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ವರ್ಷಗಟ್ಟಲೆ ಮಲಗಿ ಯೋಚಿಸಿದ ಮನುಷ್ಯ ತನಗೆ ಎಷ್ಟು ಬೇಕೋ ಅಷ್ಟನ್ನೇ ಉಳಿಸಿಕೊಂಡು ಎದ್ದರು ಎಂದೇ ನಾನು ಕೇಳುತ್ತೇನೆ.

ಗಂಗೂಬಾಯಿ ಹಾನಗಲ್ಲರದು ಇನ್ನೂ ವಿಚಿತ್ರ. ಅವರ ಆರಂಭದ ತಟ್ಟೆಗಳಲ್ಲಿರುವುದು ಎಳೆಯ, ಎತ್ತರದ, ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ನಾವೆಲ್ಲ ಬಲ್ಲ ಆ ಗಂಭೀರವಾದ, ಗಂಡುದನಿಯಂತಹ ಕಂಠ ಬಂತು. ಅವರು ಆ ಮೊದಲ ದನಿಗಾಗಿ ಅತ್ತು ಕೂರಲಿಲ್ಲ, ಎರಡನೆಯ ದನಿಯಿಂದಲೇ ಕಿರಾಣಾ ಘರಾಣೆಯಲ್ಲಿ ತಮ್ಮದೊಂದು ದಾರಿ ಮಾಡಿಕೊಂಡರು. ಮೊದಲ ದನಿಯನ್ನು ಪ್ರೀತಿಸಿದ್ದ ಕೇಳುಗರು ಏನು ಮಾಡಿದರೆಂದು ಯಾರೂ ಬರೆದಿಡಲಿಲ್ಲ. ಬಿಟ್ಟುಹೋಗುವ ಕೇಳುಗನ ಚರಿತ್ರೆಯನ್ನು ಯಾರು ತಾನೇ ಬರೆಯುತ್ತಾರೆ?

ಹಾಗಾಗಿ ಬದಲಾದರೂ ಬಿಡುತ್ತೇವೆ, ಬದಲಾಗದಿದ್ದರೂ ಬಿಡುತ್ತೇವೆ. ಕಾರಣವನ್ನು ಕಲಾವಿದರ ಕಡೆ ಹುಡುಕುವುದು ವ್ಯರ್ಥ. ಮುಳಗುಂದ ನಾಕಾದವರಿಗೆ ನನ್ನದೊಂದೇ ಪ್ರಶ್ನೆ: ತಾವು ಕೊನೆಯ ಬಾರಿ ಅವರನ್ನು ನಿಜವಾದ ಸುಖದಿಂದ ಕೇಳಿದ್ದು ಯಾವಾಗ, ಮತ್ತು ಆಗ ಪಕ್ಕದಲ್ಲಿ ಯಾರಿದ್ದರು?

ಉತ್ತರ: ಚಾಮರಾಜಪೇಟೆ ಐದನೇ ಮುಖ್ಯರಸ್ತೆ

ಶಾಸ್ತ್ರೀಯ ಸಂಗೀತ ನನಗೆ ಅಷ್ಟಾಗಿ ತಿಳಿಯದು. ಚಿತ್ರಗೀತೆಗಳಿಂದ ಒಂದು ಉದಾಹರಣೆ ಕೊಡುತ್ತೇನೆ. ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ನಮ್ಮ ಮನೆಯಲ್ಲಿ ರಾಜ್‌ಕುಮಾರರ ಕಂಠವೆಂದೇ ನಂಬಿದ್ದೆವು. 1974ರಲ್ಲಿ ಸಂಪತ್ತಿಗೆ ಸವಾಲ್ ಚಿತ್ರದಲ್ಲಿ ರಾಜ್‌ಕುಮಾರರು ತಾವೇ ಹಾಡಿದರು. ಅದಕ್ಕೂ ಮೊದಲು ಅಲ್ಲೊಂದು ಇಲ್ಲೊಂದು ಹಾಡಿದ್ದರಾದರೂ, ಅಲ್ಲಿಂದ ಮುಂದೆ ಅವರ ಪಾತ್ರಗಳಿಗೆ ಅವರದೇ ಧ್ವನಿ ಎಂಬಂತಾಯಿತು. ಪಿ.ಬಿ.ಎಸ್. ಅವರ ಕಂಠ ಒಂದಿಷ್ಟೂ ಕೆಟ್ಟಿರಲಿಲ್ಲ, ಅವರು ಶೈಲಿಯನ್ನೂ ಬದಲಿಸಿರಲಿಲ್ಲ. ಆದರೂ ನನ್ನ ತಂದೆಯವರು ಆ ಧ್ವನಿಯನ್ನು ಕೇಳುವುದು ತಾನಾಗಿ ಕಡಿಮೆಯಾಯಿತು. ಧ್ವನಿಗೆ ಮುಖ ತಪ್ಪಿಹೋಗಿತ್ತು. ಯಾರ ತಪ್ಪೂ ಇಲ್ಲದೆಯೂ ಪ್ರೀತಿ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ತಿಳಿದಿಲ್ಲ.

ಉತ್ತರ: ಕಡಲಾಚೆಯ ಶ್ರುತಿಪೆಟ್ಟಿಗೆ

ನಾನು ಅಮೆರಿಕೆಯಲ್ಲಿರುವ ಕನ್ನಡತಿ, ಕರ್ನಾಟಕ ಸಂಗೀತ ಕೇಳುವವಳು. ಇಲ್ಲಿಯವರೆಗಿನ ಉತ್ತರಗಳಲ್ಲಿ ಒಂದು ಕಾರಣವನ್ನು ಎಲ್ಲರೂ ಮುಟ್ಟದೆ ಬಿಟ್ಟಿದ್ದಾರೆ: ಕಲಾವಿದರ ನಡತೆ. ಭೀಮಸೇನರ ಪ್ರಸಂಗಕ್ಕೆ ಇದು ಸಂಬಂಧಿಸಿದ್ದಲ್ಲ, ಆದರೆ ಶೀರ್ಷಿಕೆಯ ಪ್ರಶ್ನೆಗೆ ಸಂಬಂಧಿಸಿದ್ದು. 2018ರಲ್ಲಿ ಚೆನ್ನೈನ ಸಂಗೀತ ವಲಯದಲ್ಲಿ ಹಲವು ಹೆಣ್ಣುಮಕ್ಕಳು ಕಿರುಕುಳದ ಅನುಭವಗಳನ್ನು ಬಹಿರಂಗವಾಗಿ ಹೇಳಿಕೊಂಡರು. ಆ ಡಿಸೆಂಬರಿನ ಉತ್ಸವಕ್ಕೆ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಆರೋಪಕ್ಕೊಳಗಾದ ಕೆಲವು ಕಲಾವಿದರನ್ನು ಕೈಬಿಟ್ಟಿತು. ಆ ಸುದ್ದಿಗಳನ್ನೆಲ್ಲ ಓದಿದ ಮೇಲೆ ನಾನು ಹಲವು ಕಲಾವಿದರನ್ನು ಕೇಳುವ ರೀತಿಯೇ ಬದಲಾಯಿತು. ಕಲೆಯನ್ನೂ ಕಲಾವಿದರನ್ನೂ ಬೇರೆ ಮಾಡಿ ನೋಡಬೇಕೆಂದು ಉಪದೇಶಿಸುವವರಿಗೆ ನನ್ನ ಪ್ರತ್ಯುತ್ತರ ಇಷ್ಟೇ: ವಾದ್ಯವಾದರೆ ಒಂದು ಮಟ್ಟಿಗೆ ಸಾಧ್ಯವಾಗುತ್ತದೆ, ನಡುವೆ ಮರವೋ ತಂತಿಯೋ ಇರುತ್ತದೆ. ಕಂಠ ಹಾಗಲ್ಲ. ಕೃತಿಯ ಸಾಹಿತ್ಯದಲ್ಲಿ ದೈನ್ಯ ಬಂದಾಗ ಅದೇ ಬಾಯಿ ಬೇರೆ ಏನೇನು ಮಾತಾಡಿರಬಹುದೆಂಬ ಯೋಚನೆ ನುಗ್ಗಿಬಿಡುತ್ತದೆ, ಅದನ್ನು ತಡೆಯುವ ಬಾಗಿಲು ನನ್ನ ಕಿವಿಗಿಲ್ಲ.

ಇನ್ನು ಮೂಲ ಪ್ರಶ್ನೆಯ ಬಗ್ಗೆ ಒಂದು ಮಾತು. ಪರಿಚಯ ಹೆಚ್ಚಿದಷ್ಟೂ ಇಷ್ಟವೂ ಹೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೊಂಟ್ಸ್ (Zajonc) 1968ರಲ್ಲಿ ವಾದಿಸಿದರು. ಅದಾದ ಮೂರೇ ವರ್ಷಕ್ಕೆ ಡೇನಿಯಲ್ ಬರ್ಲೈನ್, ಇಷ್ಟವೆಂಬುದು ಏರಿ, ನೆತ್ತಿ ಮುಟ್ಟಿ, ಮತ್ತೆ ಇಳಿಯುತ್ತದೆ, ಅತಿ ಹೊಸದೂ ಬೇಡ ಅತಿ ಹಳೆಯದೂ ಬೇಡವೆನಿಸುತ್ತದೆ ಎಂಬ ನಿಲುವನ್ನು ವಿಸ್ತಾರವಾಗಿ ಮಂಡಿಸಿದರು. ಎರಡನ್ನೂ ಕೂಡಿಸಿ ನೋಡಿದರೆ ತಮ್ಮ ಇಪ್ಪತ್ತೈದು ವರ್ಷಗಳ ಏರುವಿಕೆಯೇ ಅಚ್ಚರಿಯದು, ಇಳಿದದ್ದಲ್ಲ. ಸರಳವಾದ ಪದ್ಯವೊಂದು ಹತ್ತು ಸಲಕ್ಕೆ ಸವೆಯುತ್ತದೆ. ಪೂರಿಯಾದ ನಿಧಾನಗತಿಯ ಬಡಾ ಖ್ಯಾಲ್ ಸವೆಯಲು ಇಷ್ಟು ಕಾಲ ಹಿಡಿಯಿತು.

ಉತ್ತರ: ಮುಳಗುಂದ ನಾಕಾ

ಎಲ್ಲರಿಗೂ ಕೃತಜ್ಞ. ಮರ್ಫಿ ರಾಯರು ಹೇಳಿದಂತೆ ಬೇರೆ ಎರಡು ಪೂರಿಯಾಗಳನ್ನು ಕೇಳಿದೆ. ಫಲ ಸಿಗಲಿಲ್ಲ, ಅಂದರೆ ಟೇಪಿನದಷ್ಟೇ ತಪ್ಪಲ್ಲ. ತೀವ್ರ ಮಧ್ಯಮ ಅವರು ಹೇಳಿದ ಮಂದ್ರ ನಿಷಾದವನ್ನು ಗುರುತಿಸಲು ಪ್ರಯತ್ನಿಸಿದೆ. ಸಂಗೀತ ಕಲಿಯದ ನನಗೆ ಅದು ಸಿಕ್ಕಿತೆಂದು ಸುಳ್ಳು ಹೇಳಲಾರೆ.

ನನ್ನನ್ನು ನಾಲ್ಕು ದಿನ ಕಾಡಿದ್ದು ಮಾಳಮಡ್ಡಿಯವರ ಪ್ರಶ್ನೆ. ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದಿರಿ. ಯೋಚಿಸುತ್ತ ಹೋದಂತೆ ತಿಳಿದದ್ದೇನೆಂದರೆ, ಕಳೆದ ಎಂಟು ಹತ್ತು ವರ್ಷಗಳಲ್ಲಿ ನಾನು ಭೀಮಸೇನರನ್ನು ಒಬ್ಬನೇ ಕೇಳಿಯೇ ಇಲ್ಲ. ಎದುರಿಗೆ ಒಬ್ಬ ಪ್ರತಿವಾದಿ ಯಾವಾಗಲೂ ಇರುತ್ತಿದ್ದ. ಬೆಂಗಳೂರಿನಲ್ಲಿ ನಮ್ಮದೊಂದು ಸಂಗೀತಪ್ರಿಯರ ಗುಂಪಿದೆ. ಅದರಲ್ಲಿ ಕುಮಾರರ ಕಡೆಯವರು, ಮನ್ಸೂರರ ಕಡೆಯವರು, ಕಿಶೋರಿತಾಯಿಯವರ (ಗಾಯಕಿ ಕಿಶೋರಿ ಆಮೋಣಕರ್) ಕಡೆಯವರು ಇದ್ದಾರೆ, ಮತ್ತು ಭೀಮಸೇನರ ಪರ ವಕಾಲತ್ತು ವಹಿಸಿದವನು ನಾನು. ರಾಗಗಳು ಕೆಲವೇ ಎಂದು ಅವರು ಹೇಳಿದರೆ ನಾನು ಅಭೋಗಿಯನ್ನೋ ಲಲಿತವನ್ನೋ ಹುಡುಕಿ ಹಾಕಬೇಕು; ಬರೀ ಗಂಟಲಿನ ಬಲವೆಂದರೆ ಮೆಲುದನಿಯ ಜಾಗವೊಂದನ್ನು ನಿಮಿಷ ಸೆಕೆಂಡುಗಳ ಸಮೇತ ತೋರಿಸಬೇಕು; ಜನಪ್ರಿಯತೆಗೆ ಮಾರುಹೋದರೆಂದರೆ ದಾಸವಾಣಿಯ ಪರವಾಗಿ ಒಂದು ಪುಟ ಬರೆಯಬೇಕು. ಕೇಳಲು ಕುಳಿತರೆ ಮನಸ್ಸು ಸಾಕ್ಷ್ಯ ಹುಡುಕುತ್ತಿತ್ತು. ಇದು ನಮ್ಮ ಕೇಸಿಗೆ ಅನುಕೂಲ, ಇದು ಪ್ರತಿಕೂಲ, ಇದನ್ನು ಅವರ ಕಣ್ಣಿಗೆ ಬೀಳದಂತೆ ಮರೆಮಾಡಬೇಕು! ಇಷ್ಟು ದಿನ ಗೆದ್ದ ವಾದಗಳೆಲ್ಲ ಸೇರಿ ಆ ಧ್ವನಿಯನ್ನು ನನ್ನಿಂದ ಕಿತ್ತುಕೊಂಡಿವೆ ಎಂಬ ಅನುಮಾನ ಈಗ ಬರುತ್ತಿದೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಈ ಎರಡು ವರ್ಷಗಳಲ್ಲಿ ನಾನು ಕದ್ದು ಮುಚ್ಚಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುತ್ತ ಬಂದಿದ್ದೇನೆ, ಬಸ್ಸಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡು. ಗುಂಪಿನಲ್ಲಿ ಯಾರಿಗೂ ಹೇಳಿಲ್ಲ. ಅವರ ಪರವಾಗಿಯೂ ವಿರುದ್ಧವಾಗಿಯೂ ನಾನು ಏನನ್ನೂ ರುಜುವಾತು ಮಾಡಬೇಕಾಗಿಲ್ಲ. ಅವರು ಹಾಡುತ್ತಿರುವ ರಾಗ ಯಾವುದೆಂದು ಎಷ್ಟೋ ಸಲ ನನಗೆ ತಿಳಿದೂ ಇರುವುದಿಲ್ಲ. ಭೀಮಸೇನರನ್ನು ನಾನು ಹೈಸ್ಕೂಲಿನಲ್ಲಿ ಕೇಳುತ್ತಿದ್ದುದೂ ಹೀಗೆಯೇ.

ಉತ್ತರ: ಮಾಳಮಡ್ಡಿ

ಕುಮಾರರ ಕಡೆಯವರಲ್ಲಿ ನಾನೂ ಒಬ್ಬನೆಂಬುದು ಮೇಲಿನ ನನ್ನ ಬರಹದಿಂದ ತಮಗೆ ತಿಳಿದಿರಬೇಕು. ತಮ್ಮ ಉತ್ತರ ಓದಿದ ಮೇಲೆ ನನ್ನ ಕಪಾಟಿನ ಕುಮಾರರ ಸಿಡಿಗಳನ್ನು ಸ್ವಲ್ಪ ಅನುಮಾನದಿಂದ ನೋಡುತ್ತಿದ್ದೇನೆ. ಆ ಗುಂಪನ್ನು ಬಿಟ್ಟುಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಮಳೆಗಾಲ ವಕಾಲತ್ತಿಗೆ ರಜೆ ಹಾಕಬಹುದು.

ಉತ್ತರ: ಹಳೆಯ ಮರ್ಫಿ, ಹುಬ್ಬಳ್ಳಿ

ನನ್ನ ರೋಗನಿರ್ಣಯ ತಪ್ಪಿತು, ಒಪ್ಪಿದೆ. ಆದರೂ ಒಂದು ಕುತೂಹಲ ಉಳಿದಿದೆ. ಸೋದರಮಾವನ ಆ ಕ್ಯಾಸೆಟ್‌ನ ಇನ್ನೊಂದು ಮಗ್ಗುಲಿನಲ್ಲಿ ಏನಿದೆ? ಅದರ ಪರವಾಗಿ ತಾವು ಇನ್ನೂ ಯಾವ ವಾದವನ್ನೂ ಮಾಡಿಲ್ಲವಷ್ಟೇ.

ಉತ್ತರ: ಮುಳಗುಂದ ನಾಕಾ

ನಿನ್ನೆ ಗದುಗಿನ ಮನೆಗೆ ಫೋನ್ ಮಾಡಿ ಹುಡುಕಿಸಿದೆ, ಕ್ಯಾಸೆಟ್ ಸಿಕ್ಕಿದೆ. ಮಾವ ನೀಲಿ ಶಾಯಿಯಲ್ಲಿ ಒಂದು ಕಡೆ ‘ಪೂರಿಯಾ’ ಎಂದೂ ಇನ್ನೊಂದು ಕಡೆ ‘ಅಭೋಗಿ, ಅರ್ಧ’ ಎಂದೂ ಬರೆದಿದ್ದಾರಂತೆ. ಅರ್ಧಕ್ಕೆ ಟೇಪು ಮುಗಿಯಿತೋ, ಪ್ರಸಾರವೇ ನಿಂತಿತೋ ತಿಳಿಯದು. ನಮ್ಮ ಮನೆಯ ಟೇಪ್‌ರೆಕಾರ್ಡರ್ ಕೆಟ್ಟು ಬಹಳ ವರ್ಷಗಳಾದವು. ರಾಯರೇ, ತಮ್ಮಲ್ಲಿ ನಡೆಯುವ ಸ್ಥಿತಿಯಲ್ಲಿ ಒಂದು ಇದ್ದರೆ, ಮುಂದಿನ ಭಾನುವಾರ ಗದುಗಿನಿಂದ ಹಿಂತಿರುಗುವಾಗ ಹುಬ್ಬಳ್ಳಿಯಲ್ಲಿ ಇಳಿದು ಬರುತ್ತೇನೆ.

ಉತ್ತರ: ಹಳೆಯ ಮರ್ಫಿ, ಹುಬ್ಬಳ್ಳಿ

ಇದೆ. ಬೆಲ್ಟು ಹೋದ ವಾರವಷ್ಟೇ ಬದಲಾಯಿಸಿದ್ದೇನೆ. ಊಟಕ್ಕೆ ಮೊದಲೇ ಬನ್ನಿ. ಪೂರಿಯಾದ ಮಗ್ಗುಲನ್ನು ಹಾಕುವುದು ಬೇಡ.